ಹತ್ತು ವರ್ಷದ ಲೆಕ್ಕ ಹಾಕಿ ಕೊಂಡ ಕಾರು

2025ರ ಮಳೆಗಾಲದಲ್ಲಿ ಶುರುವಾದ ನಮ್ಮ ಕಾರಿನ ಹುಡುಕಾಟ 2026ರ ಸಂಕ್ರಾಂತಿ ಕಳೆದ ಮೇಲೆ ಮುಗಿಯಿತು. ಬಣ್ಣ, ಮಾಡೆಲು, ಕಂತು ಈ ಮೂರನ್ನು ನೋಡಿ ಒಂದು ಭಾನುವಾರ ಮುಗಿಸಿಬಿಡಬಹುದಾದ ವ್ಯವಹಾರಕ್ಕೆ ಇಷ್ಟು ಕಾಲ ಏಕೆ ಬೇಕಾಯಿತು ಎಂದು ಬಂಧುಗಳೆಲ್ಲ ಕೇಳಿದ್ದುಂಟು. ನಾವು ಕೊಂಡ ಕಾರನ್ನು ಹತ್ತು ವರ್ಷವಾದರೂ ಇಟ್ಟುಕೊಳ್ಳುವ ಜನ. ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸುವವರು ನೋಡಬೇಕಾದ ಸಂಗತಿಗಳೇ ಬೇರೆ, ನಮ್ಮಂಥವರು ನೋಡಬೇಕಾದ ಸಂಗತಿಗಳೇ ಬೇರೆ. ಎರಡನೆಯ ಗುಂಪಿನವರಿಗೆ ಶೋರೂಮಿನಲ್ಲಿ ಯಾರೂ ತಾವಾಗಿ ಹೇಳದ ವಿಷಯಗಳನ್ನು, ಅವು ನನಗೆ ತಿಳಿದು ಬಂದ ಕ್ರಮದಲ್ಲಿಯೇ, ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕ. ಮನೆಯಿಂದ ಕಾಲೇಜಿಗೆ ಕೆಲವೇ ಕಿಲೋಮೀಟರು. ಮಗಳು ಮಣಿಪಾಲದಲ್ಲಿ ಓದುತ್ತಿರುವುದರಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿಯ ದಾರಿ ಪದೇ ಪದೇ ಹಿಡಿಯಬೇಕಾಗುತ್ತದೆ. ಅಮ್ಮನಿಗೆ ಮಂಡಿನೋವು, ತಗ್ಗಿನ ಸೀಟಿಗೆ ಇಳಿದು ಕೂರುವುದೂ ಅದರಿಂದ ಏಳುವುದೂ ಅವರಿಗೆ ಕಷ್ಟ. ವರ್ಷಕ್ಕೆ ಸರಾಸರಿ 12,000 ಕಿಲೋಮೀಟರ್ ಓಡಾಟ. ಇಷ್ಟನ್ನು ಕಾಗದದ ಮೇಲೆ ಬರೆದುಕೊಳ್ಳದೆ ಶೋರೂಮಿನ ಮೆಟ್ಟಿಲು ಹತ್ತಬಾರದೆಂದು ಈಗ ಯಾರು ಕೇಳಿದರೂ ಹೇಳುತ್ತೇನೆ, ಏಕೆಂದರೆ ಮುಂದಿನ ಪ್ರತಿಯೊಂದು ಆಯ್ಕೆಯೂ ಈ ನಾಲ್ಕೈದು ಸಾಲುಗಳ ಮೇಲೆಯೇ ನಿಂತಿತ್ತು.

ಹಳೆಯ ಕಾರು 2013ರಲ್ಲಿ ಕೊಂಡ ಡೀಸೆಲ್ ಸೆಡಾನ್. ಅದಕ್ಕೆ ಮಾಡಿದ ಖರ್ಚನ್ನೆಲ್ಲ ನನ್ನ ಹೆಂಡತಿ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಳು. ಕೊಂಡಾಗ ಆನ್-ರೋಡ್ ಬೆಲೆ 8.2 ಲಕ್ಷ, ಮಾರಿದಾಗ ಬಂದದ್ದು 1.9 ಲಕ್ಷ, ಅಂದರೆ ಸವಕಳಿಯೇ 6.3 ಲಕ್ಷ. ಇಂಧನಕ್ಕೆ 5.5 ಲಕ್ಷ, ಸರ್ವಿಸ್ ಮತ್ತು ರಿಪೇರಿಗೆ 3.1 ಲಕ್ಷ, ವಿಮೆಗೆ 2 ಲಕ್ಷ, ಸಾಲದ ಬಡ್ಡಿಗೆ 1.1 ಲಕ್ಷ, ಟೈರು ಬ್ಯಾಟರಿಗಳಿಗೆ 85 ಸಾವಿರ. ಓಡಿದ್ದು 1.42 ಲಕ್ಷ ಕಿಲೋಮೀಟರ್. ಕೂಡಿ ಭಾಗಿಸಿದರೆ ಕಿಲೋಮೀಟರಿಗೆ 13 ರೂಪಾಯಿಗಿಂತ ಸ್ವಲ್ಪ ಹೆಚ್ಚು. ಮೈಲೇಜು ಎಷ್ಟು ಎಂದು ನಾವೆಲ್ಲ ಮೊದಲು ಕೇಳುತ್ತೇವೆ, ಆದರೆ ಈ ಲೆಕ್ಕದಲ್ಲಿ ಇಂಧನದ ಪಾಲು ಮೂರನೆಯ ಒಂದಕ್ಕಿಂತಲೂ ಕಡಿಮೆ. ರಿಪೇರಿಯ 3.1 ಲಕ್ಷದಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಏಳನೆಯ ವರ್ಷದ ನಂತರ ಹೋದದ್ದು. ಇಂಜೆಕ್ಟರುಗಳು, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿಕೊಡುವ ಟರ್ಬೊ, ಕ್ಲಚ್ಚು, ಎ.ಸಿ.ಯ ಕೂಲಿಂಗ್ ಕಾಯಿಲ್ ಒಂದರ ಹಿಂದೆ ಒಂದು ಕೈಕೊಟ್ಟವು. ವಾರಂಟಿ ಅಷ್ಟು ಹೊತ್ತಿಗೆ ಎಂದೋ ಮುಗಿದಿತ್ತು. ಕಾರೊಂದು ನೆಚ್ಚಬಹುದಾದದ್ದೇ ಅಲ್ಲವೇ ಎಂಬುದು ಏಳನೆಯ ವರ್ಷದ ನಂತರ ಗೊತ್ತಾಗುವ ವಿಷಯ, ವಿಮರ್ಶೆಗಳೋ ಕಾರು ಬಿಡುಗಡೆಯಾದ ಏಳನೆಯ ದಿನಕ್ಕೆ ಬರೆದವು. ಹೀಗಾಗಿ ಅವನ್ನು ಓದುವುದನ್ನು ನಿಲ್ಲಿಸಿ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದೆ.

ಅಲ್ಲಿ ನಮ್ಮ ಹಳೆಯ ಕಾರನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್‌ಗೆ, "ಯಾವ ಕಂಪನಿ ಗಾಡಿ ಕೆಡೋದಿಲ್ಲ?" ಎಂದು ಕೇಳಿದಾಗ ಅವರು ನಕ್ಕರು. "ಮೇಷ್ಟ್ರೇ, ಕೆಡದೇ ಇರೋ ಗಾಡಿ ಇಲ್ಲ. ಕೆಟ್ಟರೆ ಪಾರ್ಟ್ಸು ಎಷ್ಟು ದಿನಕ್ಕೆ ಬರುತ್ತೆ, ಎಷ್ಟಾಗುತ್ತೆ, ಅದನ್ನ ವಿಚಾರಿಸಿ. ಕಂಪನಿ ಹೆಸರು ಕೇಳಬೇಡಿ, ಎಂಜಿನ್ ಯಾವುದು, ಗೇರ್‌ಬಾಕ್ಸ್ ಯಾವುದು, ಅದು ಎಷ್ಟು ವರ್ಷದಿಂದ ಓಡ್ತಿದೆ ಅಂತ ಕೇಳಿ," ಎಂದರು. ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಇದು. ಒಂದೇ ಕಂಪನಿಯ ಒಂದೇ ಮಾಡೆಲಿನಲ್ಲಿ ಮೂರು ಬಗೆಯ ಎಂಜಿನ್ನು, ಮೂರು ಬಗೆಯ ಗೇರ್‌ಬಾಕ್ಸು ಸಿಗುವಾಗ, ಆ ಕಂಪನಿ ಒಳ್ಳೆಯದು ಎಂಬ ಮಾತಿಗೆ ಹೆಚ್ಚಿನ ಅರ್ಥವಿಲ್ಲ. ಕಂಪನಿಯ ಬಗ್ಗೆ ವಿಚಾರಿಸಬೇಕಾದ್ದು ಮುಖ್ಯವಾಗಿ ಒಂದು: ಹತ್ತು ವರ್ಷದ ನಂತರ ಅದು ನಮ್ಮ ದೇಶದಲ್ಲಿ ಉಳಿದಿರುತ್ತದೆಯೇ? ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಆ ಕಾರುಗಳು ಕೆಟ್ಟವಾಗಿರಲಿಲ್ಲ, ಆದರೆ ಮಾಲೀಕರ ಮರುಮಾರಾಟದ ಲೆಕ್ಕವೆಲ್ಲ ತಲೆಕೆಳಗಾಯಿತು.

ಆಗಸ್ಟ್ ಕೊನೆಯ ಹೊತ್ತಿಗೆ ಎರಡು ಮೂರು ಕಾರುಗಳನ್ನು ಗುರುತಿಸಿಕೊಂಡಿದ್ದೆವು. ಅಷ್ಟರಲ್ಲಿ ಜಿ.ಎಸ್.ಟಿ. ಇಳಿಯುವ ಸುದ್ದಿ ಬಂದು ಎಲ್ಲವೂ ನಿಂತಿತು. ಸೆಪ್ಟೆಂಬರ್ 22ರಿಂದ ಹೊಸ ದರ ಎಂದರು, ಅದಕ್ಕೂ ಮುಂಚಿನದು ಪಿತೃಪಕ್ಷ. ಹೇಗೂ ಆಗ ಯಾರೂ ಕಾರು ಕೊಳ್ಳುತ್ತಿರಲಿಲ್ಲ. ಹೊಸ ದರದಲ್ಲಿ, 4 ಮೀಟರ್ ಮೀರದ ಮತ್ತು ಪೆಟ್ರೋಲಾದರೆ 1200 ಸಿ.ಸಿ., ಡೀಸೆಲಾದರೆ 1500 ಸಿ.ಸಿ. ಮೀರದ ಕಾರುಗಳಿಗೆ 18 ಪ್ರತಿಶತ. ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 40 ಪ್ರತಿಶತ. ನಮ್ಮಂಥವರಿಗೆ ಇದು ತಂದಿಟ್ಟ ಇಕ್ಕಟ್ಟನ್ನು ಯಾರೂ ಅಷ್ಟಾಗಿ ಚರ್ಚಿಸಿದ್ದು ಕಾಣಲಿಲ್ಲ. ಸರಳವಾದ, ಟರ್ಬೊ ಇಲ್ಲದ 1.5 ಲೀಟರ್ ಪೆಟ್ರೋಲ್ ಎಂಜಿನ್ನು 40ರ ಸಾಲಿಗೆ ಬೀಳುತ್ತದೆ. ಮಾರುತಿಯ ಬ್ರೆಜಾ 4 ಮೀಟರಿನೊಳಗೇ ಇದ್ದರೂ ಎಂಜಿನ್ 1462 ಸಿ.ಸಿ. ಆಗಿರುವುದರಿಂದ ಅದಕ್ಕೂ 18ರ ಲಾಭವಿಲ್ಲ. ಅದೇ ಶಕ್ತಿಯನ್ನು ಟರ್ಬೊ ಕಟ್ಟಿ 1 ಅಥವಾ 1.2 ಲೀಟರಿನಿಂದ ಹಿಂಡುವ ಎಂಜಿನ್ನಿಗೆ 18 ಪ್ರತಿಶತ. ಕೊಳ್ಳುವ ದಿನ ಅಗ್ಗವಾಗುವುದು ಹೆಚ್ಚು ಬಿಡಿಭಾಗಗಳಿರುವ, ಹೆಚ್ಚು ಒತ್ತಡದಲ್ಲಿ ಓಡುವ ಎಂಜಿನ್ನು; ಹತ್ತನೆಯ ವರ್ಷಕ್ಕೆ ಅಗ್ಗವಾಗುವ ಸಾಧ್ಯತೆ ಹೆಚ್ಚಿರುವುದು ಮತ್ತೊಂದು.

ಕರ್ನಾಟಕದ ರಸ್ತೆ ತೆರಿಗೆ ಇದನ್ನು ಇನ್ನಷ್ಟು ಬಿಗಿ ಮಾಡುತ್ತದೆ. 5ರಿಂದ 10 ಲಕ್ಷದೊಳಗಿನ ಕಾರಿಗೆ 14 ಪ್ರತಿಶತ, 10 ದಾಟಿದರೆ 20 ಲಕ್ಷದವರೆಗೆ 17 ಪ್ರತಿಶತ, ಅದರ ಮೇಲೆ ಸೆಸ್. ಈ ದರ ಹತ್ತು ಲಕ್ಷ ಮೀರಿದ ಮೊತ್ತಕ್ಕೆ ಮಾತ್ರವಲ್ಲ, ಪೂರ್ತಿ ಬೆಲೆಗೆ. 9.95 ಲಕ್ಷದ ಕಾರಿಗೆ ತೆರಿಗೆ 1,39,300 ರೂಪಾಯಿ, 10.05 ಲಕ್ಷದ ಕಾರಿಗೆ 1,70,850. ಹತ್ತು ಸಾವಿರ ಹೆಚ್ಚಿನ ಬೆಲೆಗೆ ಮೂವತ್ತೊಂದು ಸಾವಿರ ಹೆಚ್ಚಿನ ತೆರಿಗೆ. ಹತ್ತು ಲಕ್ಷದ ಆಸುಪಾಸಿನ ವೇರಿಯಂಟ್ ನೋಡುವವರು, ಅಲಾಯ್ ಚಕ್ರಕ್ಕೋ ಸನ್‌ರೂಫಿಗೋ ಮೇಲಿನ ವೇರಿಯಂಟಿಗೆ ಹೋಗುವ ಮುನ್ನ ಈ ಗೆರೆಯನ್ನು ನೋಡಿಕೊಳ್ಳಬೇಕು.

ಡೀಸೆಲ್ ನಮ್ಮ ಪಟ್ಟಿಯಿಂದ ಮೊದಲು ಹೊರಬಿತ್ತು. ಹೊಗೆಯ ಮಾಲಿನ್ಯ ತಗ್ಗಿಸುವ 2020ರ ಬಿ.ಎಸ್. 6 ನಿಯಮದ ನಂತರದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಕಾರು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಕಾಲೇಜಿಗೆ ಹೋಗಿ ಬರುವ ನನ್ನಂಥವರ ಕಾರಿನಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ದಾರಿಯೇ ಮುಗಿದಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಅದರ ಖರ್ಚು ಸಣ್ಣದಲ್ಲ. ದಿನವೂ ಹೆದ್ದಾರಿ ಹಿಡಿಯುವವರಿಗೆ ಈ ಭಯ ಬೇಡ. ಅವರಿಗೆ ಡೀಸೆಲ್ ಇಂದಿಗೂ ಒಳ್ಳೆಯ ಆಯ್ಕೆಯೇ.

ಟರ್ಬೊ ಪೆಟ್ರೋಲಿನ, ಎರಡು ಕ್ಲಚ್ಚುಗಳಿಂದ ತಾನೇ ಗೇರು ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವ ಕಾರೊಂದನ್ನು ಓಡಿಸಿ ನೋಡಿದಾಗ ಮಗ ಅದನ್ನೇ ಕೊಳ್ಳಬೇಕೆಂದು ಹಟ ಹಿಡಿದ. ನಿಜ ಹೇಳಬೇಕೆಂದರೆ ನನಗೂ ಅದೇ ಇಷ್ಟವಾಗಿತ್ತು. ಆದರೆ ಆಗುಂಬೆ ಘಾಟಿಯ 14 ತಿರುವುಗಳನ್ನು ಬಸ್ಸಿನ ಹಿಂದೆ ತೆವಳುತ್ತ ಹತ್ತುವಾಗ ಕ್ಲಚ್ಚು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತದೆ. ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್ಚುಗಳಾದರೆ ಬಿಸಿಯೇರುವುದು ಬೇಗ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಂಜಿನ್ನಿನ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಚುರುಕಿನಲ್ಲಿ ಒಂದು ಕೈ ಕಡಿಮೆ, ಇಂಧನವನ್ನೂ ಸ್ವಲ್ಪ ಹೆಚ್ಚು ಕುಡಿಯುತ್ತದೆ, ಆದರೆ ಈ ಬಗೆಯ ತೆವಳುವಿಕೆಯನ್ನು ಎಣ್ಣೆಯ ಮೂಲಕವೇ ಸಹಿಸಿಕೊಳ್ಳುತ್ತದೆ. ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಬದಲಿಸುವ ಎ.ಎಂ.ಟಿ. ಅಗ್ಗ, ರಿಪೇರಿಯೂ ಸುಲಭ, ಏಕೆಂದರೆ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ಆದರೆ ಗೇರು ಬದಲಾಗುವಾಗಿನ ಆ ತೂಗಾಟಕ್ಕೆ ಅಮ್ಮನಿಗೆ ವಾಕರಿಕೆ ಬಂತು. ಟೆಸ್ಟ್ ಡ್ರೈವಿಗೆ ಹೋಗುವಾಗ ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಹೋಗಿ. ಶೋರೂಮಿನವರು ಕರೆದೊಯ್ಯುವ ನುಣುಪಾದ ಬೈಪಾಸ್ ರಸ್ತೆ ಸಾಲದು. ಏರು ರಸ್ತೆಯನ್ನೂ ಹಂಪುಗಳಿರುವ ಬೀದಿಯನ್ನೂ ನೀವಾಗಿ ಕೇಳಬೇಕು.

ವಿದ್ಯುತ್ ಕಾರನ್ನು ನಾವು ತಮಾಷೆಗೆ ನೋಡಿದ್ದಲ್ಲ. ರಾಜ್ಯ ಸರ್ಕಾರ 2016ರಿಂದ ಅವುಗಳಿಗೆ ತೆರಿಗೆ ವಿನಾಯಿತಿ ಕೊಟ್ಟಿತ್ತು. 2024ರಲ್ಲಿ 25 ಲಕ್ಷ ಮೀರಿದವಕ್ಕೆ ಮಾತ್ರ 10 ಪ್ರತಿಶತ ವಿಧಿಸಿತು. ನಾವು ನೋಡುತ್ತಿದ್ದ ಬೆಲೆಯಲ್ಲಿ ಆಗ ಅದೊಂದೇ ಎರಡು ಲಕ್ಷಕ್ಕೂ ಹೆಚ್ಚಿನ ಉಳಿತಾಯವಾಗುತ್ತಿತ್ತು. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ ಸಾಮಾನ್ಯವಾಗಿದೆ. ಮಣಿಪಾಲದ ದಾರಿಯೂ ಅದರ ಅಳವಿಗೆ ಮೀರಿದ್ದಲ್ಲ. ಅಡ್ಡ ಬಂದದ್ದು ಬೇರೆಯದೇ: ನಾವಿರುವುದು ಬಾಡಿಗೆ ಮನೆಯ ಮೊದಲ ಮಹಡಿ. ಕೆಳಗೆ ಚಾರ್ಜರ್ ಹಾಕಿಸಲು ಮನೆಯ ಮಾಲೀಕರು ಒಪ್ಪಲಿಲ್ಲ. ಪ್ರತಿ ಸಲ ಊರಿನ ಚಾರ್ಜಿಂಗ್ ಕೇಂದ್ರಕ್ಕೆ ಹೋಗಿ ಕಾಯುವುದಾದರೆ ಉಳಿತಾಯದ ಲೆಕ್ಕವೇ ಬದಲಾಗುತ್ತದೆ. ಸ್ವಂತ ಮನೆ, ಸ್ವಂತ ಪೋರ್ಟಿಕೊ ಇದ್ದಿದ್ದರೆ ನಾನು ಬಹುಶಃ ಈ ಲೇಖನವನ್ನು ಬೇರೆ ರೀತಿ ಬರೆಯುತ್ತಿದ್ದೆ.

ಉಳಿದದ್ದು ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ. ಎರಡೂ ಬಿಡದಿಯ ಕಾರ್ಖಾನೆಯಲ್ಲೇ ತಯಾರಾಗುವಂಥವು, ಎರಡರಲ್ಲೂ ಅದೇ 1462 ಸಿ.ಸಿ. ಎಂಜಿನ್ನು, ಅದೇ ಆರು ಗೇರಿನ ಟಾರ್ಕ್ ಕನ್ವರ್ಟರ್. ಟ್ಯಾಕ್ಸಿಯಾಗಿಯೂ ಓಡುವ ಮಾರುತಿ ಎರ್ಟಿಗಾದಲ್ಲಿರುವುದೂ ಇದೇ ಎಂಜಿನ್ನು. ರೈಲು ನಿಲ್ದಾಣದ ಬಳಿಯ ಟ್ಯಾಕ್ಸಿ ಚಾಲಕರನ್ನು ಮಾತಾಡಿಸಿದಾಗ ಅದರ ಬಗ್ಗೆ ದೂರು ಹೇಳಿದವರು ಕಡಿಮೆ. ಬಾಡಿಗೆಗೆ ಓಡುವ ಗಾಡಿಯ ಮಾಲೀಕನಿಗಿಂತ ನಿಷ್ಠುರ ವಿಮರ್ಶಕ ಇನ್ನೊಬ್ಬನಿಲ್ಲ.

ಇವುಗಳಲ್ಲಿಯೇ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಕಾರನ್ನು ಓಡಿಸುವ ಬಗೆ) ಕೊಳ್ಳಬೇಕೇ ಎಂಬ ಪ್ರಶ್ನೆಗೆ ಒಂದು ಸಂಜೆ ಪೂರ್ತಿ ಕೂತು ಲೆಕ್ಕ ಹಾಕಿದೆವು. ಕಂಪನಿ ಹೇಳುವ ಲೀಟರಿಗೆ 27.97 ಕಿಲೋಮೀಟರನ್ನು ಬಿಟ್ಟು, ಹೈಬ್ರಿಡ್‌ಗೆ 22, ಸಾಮಾನ್ಯ ಆಟೋಮ್ಯಾಟಿಕ್‌ಗೆ 14 ಎಂದು ಹಿಡಿದೆವು. ಪೆಟ್ರೋಲ್ ಆಗ ಲೀಟರಿಗೆ 103 ರೂಪಾಯಿ ಇತ್ತು. ಹತ್ತು ವರ್ಷದ 1.2 ಲಕ್ಷ ಕಿಲೋಮೀಟರಿಗೆ ಸಾಮಾನ್ಯ ಕಾರು ಸುಮಾರು 8.8 ಲಕ್ಷದ ಪೆಟ್ರೋಲ್ ಕುಡಿಯುತ್ತದೆ, ಹೈಬ್ರಿಡ್ 5.6 ಲಕ್ಷದ್ದು. ಉಳಿತಾಯ 3.2 ಲಕ್ಷ. ನಮಗೆ ಕೊಟ್ಟ ಕೊಟೇಶನ್ನುಗಳಲ್ಲಿ ಎರಡರ ನಡುವಿನ ಆನ್-ರೋಡ್ ಅಂತರ ಸುಮಾರು 3.5 ಲಕ್ಷ. ಅಂದರೆ ನಮ್ಮ ಓಡಾಟಕ್ಕೆ ಹತ್ತು ವರ್ಷವಾದರೂ ಅಸಲು ಹುಟ್ಟುವುದಿಲ್ಲ. ವರ್ಷಕ್ಕೆ 20,000 ಕಿಲೋಮೀಟರ್ ಓಡಿಸುವವರಿಗೆ ಇದೇ ಲೆಕ್ಕದಲ್ಲಿ 5.3 ಲಕ್ಷ ಉಳಿಯುತ್ತದೆ. ಅವರು ಎರಡನೆಯ ಯೋಚನೆ ಮಾಡದೆ ಹೈಬ್ರಿಡ್ ಕೊಳ್ಳಬಹುದು. ನಾವು ಹೈರೈಡರಿನ ಸಾಮಾನ್ಯ ಆಟೋಮ್ಯಾಟಿಕ್ ತೀರ್ಮಾನ ಮಾಡಿದೆವು. ಸೀಟಿನ ಎತ್ತರ ಅಮ್ಮನಿಗೆ ಸರಿಹೋದದ್ದು ಈ ತೀರ್ಮಾನದಲ್ಲಿ ಪೆಟ್ರೋಲಿನ ಲೆಕ್ಕದಷ್ಟೇ ತೂಕ ಪಡೆಯಿತು.

ಬುಕ್ ಮಾಡುವ ಮುನ್ನ ಹೆಡ್‌ಲೈಟ್, ಮುಂದಿನ ಬಂಪರ್, ಗಾಜು, ಪಕ್ಕದ ಕನ್ನಡಿ ಇವುಗಳ ಬಿಡಿ ಬೆಲೆ ವಿಚಾರಿಸಿದೆ. ಎಲ್.ಇ.ಡಿ. ಹೆಡ್‌ಲೈಟುಗಳಿಗೆ ಬಲ್ಬು ಬದಲಿಸುವ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ, ಇಡೀ ಜೋಡಣೆಯೇ ಹೋಗಬೇಕು. ಟೈರಿನ ಅಳತೆಯನ್ನೂ ನೋಡಬೇಕು. ಚಕ್ರ ಒಂದಿಂಚು ದೊಡ್ಡದಾದರೆ ನಾಲ್ಕು ಟೈರಿಗೆ ಪ್ರತಿ ಸಲವೂ ಸಾವಿರಗಟ್ಟಲೆ ಹೆಚ್ಚು, ಮತ್ತು ಹತ್ತು ವರ್ಷದಲ್ಲಿ ಟೈರು ಎರಡು ಸಲವಾದರೂ ಬದಲಾಗುತ್ತದೆ.

ಕೊಟೇಶನ್ನುಗಳ ಬಗ್ಗೆ ಒಂದು ಮಾತು. ನಾವು ಕೊನೆಗೆ ಕೊಳ್ಳದ ಬೇರೊಂದು ಕಂಪನಿಯ ಶೋರೂಮಿನಲ್ಲಿ 'ಹ್ಯಾಂಡ್ಲಿಂಗ್ ಚಾರ್ಜ್' ಎಂಬ ಸಾಲು ಇತ್ತು, ವಿಮೆ ತಮ್ಮಲ್ಲೇ ಮಾಡಿಸಬೇಕೆಂಬ ಷರತ್ತೂ ಇತ್ತು. ವಿಮೆಯನ್ನು ಎಲ್ಲಿ ಬೇಕಾದರೂ ಮಾಡಿಸುವ ಹಕ್ಕು ಕೊಳ್ಳುವವರದು. ಅದನ್ನು ಲಿಖಿತವಾಗಿ ಕೇಳಿದ ತಕ್ಷಣ ಆ ಷರತ್ತು ಮಾಯವಾಯಿತು. ಹೊಸ ಕಾರಿಗೆ ಮೂರನೇ ವ್ಯಕ್ತಿಯ ವಿಮೆ ಮೂರು ವರ್ಷಕ್ಕೆ ಒಟ್ಟಿಗೆ ಕಡ್ಡಾಯ, ಅದರ ದರ ಎಲ್ಲ ಕಂಪನಿಗಳಲ್ಲೂ ಒಂದೇ. ವ್ಯತ್ಯಾಸ ಬರುವುದು ಸ್ವಂತ ಹಾನಿಯ ಭಾಗದಲ್ಲಿ ಮಾತ್ರ. ಮಲೆನಾಡಿನವರು ಎಂಜಿನ್ ರಕ್ಷಣೆಯ ಆಡ್-ಆನ್ ಬಿಡಬಾರದು. ನೀರು ನುಗ್ಗಿ ಎಂಜಿನ್ ಕೆಟ್ಟರೆ ಮೂಲ ಪಾಲಿಸಿಯಲ್ಲಿ ಪರಿಹಾರ ಸಿಗುವುದಿಲ್ಲ.

ಹಳೆಯ ಕಾರಿನಲ್ಲಿ ಕ್ಲೇಮ್ ಮಾಡದೆ ಉಳಿಸಿಕೊಂಡಿದ್ದ 50 ಪ್ರತಿಶತದ ನೋ-ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಮಾರಾಟದ ದಾಖಲೆ ಕೊಟ್ಟು ಹಳೆಯ ವಿಮಾ ಕಂಪನಿಯಿಂದ ಪತ್ರ ಪಡೆದರೆ, ಹೊಸ ಕಾರಿನ ಸ್ವಂತ ಹಾನಿಯ ಪ್ರೀಮಿಯಂ ಅರ್ಧಕ್ಕೆ ಇಳಿಯುತ್ತದೆ. ಆದರೆ ಅದಕ್ಕೆ ಹಳೆಯ ಕಾರು ಮೊದಲು ಮಾರಾಟವಾಗಬೇಕು. ಇಲ್ಲಿಯೇ ನಾವು ಸಿಕ್ಕಿಹಾಕಿಕೊಂಡದ್ದು. ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಕಾರಿನ ನೋಂದಣಿ ಪತ್ರವಾದ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿತ್ತು. ಕರ್ನಾಟಕದಲ್ಲಿ ಹುಟ್ಟಿದ ಹಲವು ಬ್ಯಾಂಕುಗಳು 2017ರಿಂದ 2020ರ ನಡುವೆ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ನಮ್ಮ ಸಾಲವಿದ್ದದ್ದೂ ಅಂಥ ಒಂದರಲ್ಲಿ. ಶಾಖೆಯೇ ಇಲ್ಲ, ಹಳೆಯ ಸಾಲದ ಸಂಖ್ಯೆ ಹೊಸ ವ್ಯವಸ್ಥೆಯಲ್ಲಿ ಸಿಗುವುದಿಲ್ಲ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ನನಗೆ ನಿಜವಾಗಿ ಬೇಸರ ಬಂದದ್ದು ಈ ವಾರಗಳಲ್ಲಿ. ಕೊನೆಗೆ ಹಳೆಯ ಪಾಸ್‌ಬುಕ್ಕಿನ ಕಡೆಯ ಕಂತಿನ ನಮೂದು ಕೆಲಸ ಮಾಡಿತು. ನಿರಾಕ್ಷೇಪಣಾ ಪತ್ರ ಬಂತು, ಆರ್.ಸಿ.ಯಿಂದ ಸಾಲದ ನಮೂದು ತೆಗೆಸುವ ಫಾರಂ 35ರೊಂದಿಗೆ ಆರ್.ಟಿ.ಒ.ಗೆ ಸಲ್ಲಿಸಿದೆವು. ಆಮೇಲೆ ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಮಾರಾಟ ಮುಗಿಸಿದೆವು. ಹೊಸ ಕಾರು ಕೊಳ್ಳುವ ಯೋಚನೆ ಬಂದ ದಿನವೇ ಹಳೆಯ ಆರ್.ಸಿ.ಯನ್ನು ತೆಗೆದು ನೋಡಿ. ಮಾರಿದ ಮೇಲೆ ಹಳೆಯ ಫಾಸ್ಟ್ಯಾಗ್ ಮುಚ್ಚಿಸಿ, ಹೊಸ ಮಾಲೀಕರ ಹೆಸರು ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಬರುವವರೆಗೂ ಬೆನ್ನು ಬಿಡಬೇಡಿ.

ಸಾಲದ ವಿಷಯದಲ್ಲಿ ಎಲ್ಲರೂ ಏಳು ವರ್ಷದ ಕಂತನ್ನೇ ಮುಂದಿಡುತ್ತಾರೆ, ಏಕೆಂದರೆ ಅಂಕಿ ಚಿಕ್ಕದಾಗಿ ಕಾಣುತ್ತದೆ. 8 ಲಕ್ಷಕ್ಕೆ 9 ಪ್ರತಿಶತ ಬಡ್ಡಿಯಲ್ಲಿ ಏಳು ವರ್ಷಕ್ಕೆ ಕಂತು ಸುಮಾರು 12,870 ರೂಪಾಯಿ, ಒಟ್ಟು ಬಡ್ಡಿ 2.81 ಲಕ್ಷ, ಐದು ವರ್ಷಕ್ಕೆ ಕಂತು 16,600, ಬಡ್ಡಿ 1.96 ಲಕ್ಷ. ಈ 85 ಸಾವಿರದ ಅಂತರ ನಮ್ಮ ಹಳೆಯ ಕಾರಿನ ಹನ್ನೆರಡು ವರ್ಷದ ಟೈರು ಬ್ಯಾಟರಿಗಳ ಖರ್ಚಿಗೆ ಸಮ. ಐದು ವರ್ಷವನ್ನೇ ಆರಿಸಿಕೊಂಡೆವು. ಸಂಬಳದ ಚೀಟಿ, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟ ಮೇಲೆ ಮಂಜೂರಾತಿ ತೊಂದರೆಯಿಲ್ಲದೆ ಬಂತು.

ಡಿಸೆಂಬರ್ ಹೊತ್ತಿಗೆ ಕಾರು ಸಿದ್ಧವೆಂದರು, ವರ್ಷಾಂತ್ಯದ ರಿಯಾಯಿತಿಯೂ ಇತ್ತು. ಆದರೆ ಧನುರ್ಮಾಸ ಶುರುವಾಗಿತ್ತು. "ಇಷ್ಟು ದಿನ ಕಾದಿದ್ದೀಯಂತೆ, ಇನ್ನೊಂದು ತಿಂಗಳು ಕಾಯೋಕ್ಕೇನು?" ಎಂದು ಅಮ್ಮ ಕೇಳಿದರು. ಜನವರಿಗೆ ಹೋದರೆ ನೋಂದಣಿಯ ವರ್ಷ 2026 ಆಗುತ್ತದೆ, ತಯಾರಿಕೆಯ ವರ್ಷ 2025ರದೇ ಉಳಿಯುತ್ತದೆ. ನಾಲ್ಕು ವರ್ಷಕ್ಕೆ ಮಾರುವವರಿಗೆ ತಯಾರಿಕೆಯ ಈ ಒಂದು ವರ್ಷ ದುಬಾರಿ. ಹತ್ತು ವರ್ಷದ ನಂತರ ಮಾರುವಾಗ ಅದರ ಪರಿಣಾಮ ತೀರಾ ಸಣ್ಣದು. ಹಾಗಾಗಿ ರಿಯಾಯಿತಿಯ ದರವನ್ನು ಬರಹದಲ್ಲಿ ಕಾಯ್ದಿರಿಸಿಕೊಂಡು, ಡಿಸೆಂಬರಿನಲ್ಲಿ ತಯಾರಾದ ಕಾರನ್ನೇ ಸಂಕ್ರಾಂತಿಯ ನಂತರ ಪಡೆಯಲು ಒಪ್ಪಿದೆವು.

ಬಾಕಿ ಹಣ ಕಟ್ಟುವ ಮುನ್ನ, ನೋಂದಣಿಗೂ ಮುನ್ನ, ಯಾರ್ಡಿಗೆ ಹೋಗಿ ಕಾರನ್ನು ಹಗಲು ಬೆಳಕಿನಲ್ಲಿ ನೋಡಿದೆವು. ಷಾಸಿ ಸಂಖ್ಯೆಯನ್ನು ತಯಾರಕರು ಕೊಡುವ ಫಾರಂ 22ರೊಂದಿಗೆ ತಾಳೆ ನೋಡಿ. ತಯಾರಿಕೆಯ ತಿಂಗಳೂ ಅದರಲ್ಲಿರುತ್ತದೆ. ಪ್ರತಿ ಟೈರಿನ ಮೇಲಿರುವ ನಾಲ್ಕಂಕಿ ಅದು ತಯಾರಾದ ವಾರ ಮತ್ತು ವರ್ಷ; ಸ್ಟೆಪ್ನಿಯನ್ನೂ ಬಿಡಬೇಡಿ. ನೋಂದಣಿಯಾದ ಮೇಲೆ ಸಿಗುವ ದೋಷಕ್ಕೆ ರಿಪೇರಿಯೇ ಗತಿ, ಬದಲಿ ಕಾರು ಸಿಗುವುದು ಕಷ್ಟ.

ಎಕ್ಸ್-ಶೋರೂಂ ಬೆಲೆ 13 ಲಕ್ಷ ಚಿಲ್ಲರೆ; ತೆರಿಗೆ ಮತ್ತು ಸೆಸ್ ಸೇರಿ ಎರಡೂವರೆ ಲಕ್ಷದ ಆಸುಪಾಸು; ಶೋರೂಮಿನವರ 62 ಸಾವಿರದ ವಿಮಾ ಕೊಟೇಶನ್ನಿನ ಬದಲು ಹೊರಗೆ ಬೋನಸ್ ಕಳೆದು ತಗುಲಿದ್ದು 33 ಸಾವಿರ. ಕಾರಿಗೆ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರಿನ ವಾರಂಟಿ ಇದೆ. ಅದನ್ನು ವಿಸ್ತರಿಸಲು ಹಣ ಕೊಟ್ಟದ್ದಕ್ಕೆ ಹಳೆಯ ನೋಟುಪುಸ್ತಕದ ಏಳನೆಯ ವರ್ಷದ ಪುಟವೇ ಕಾರಣ. ವಿಸ್ತರಣೆ ಏಳನೆಯ ವರ್ಷದವರೆಗೂ ಬರುವುದಿಲ್ಲ, ಆದರೂ ಸಾಧ್ಯವಿದ್ದಷ್ಟು ಹತ್ತಿರಕ್ಕೆ ತಲುಪಬೇಕೆನಿಸಿತು.

ಹತ್ತು ಲಕ್ಷ ಮೀರಿದ ಕಾರಿಗೆ ಶೋರೂಮಿನವರು ಒಂದು ಪ್ರತಿಶತ ಟಿ.ಸಿ.ಎಸ್. (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಸಂಗ್ರಹಿಸುತ್ತಾರೆ. ಅದು ಖರ್ಚಲ್ಲ, ನಿಮ್ಮ ಆದಾಯ ತೆರಿಗೆಯ ಖಾತೆಗೆ ಜಮೆಯಾಗುವ ಹಣ. ಪ್ಯಾನ್ ಸಂಖ್ಯೆ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ಇಲಾಖೆಯ ನಿಮ್ಮ ಜಮೆಯ ಪಟ್ಟಿಯಲ್ಲಿ ಕಾಣಿಸುತ್ತದೆ; ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ನಮ್ಮದು 13 ಸಾವಿರ ಚಿಲ್ಲರೆ, ಈ ಬಾರಿಯ ರಿಟರ್ನ್ಸಿನಲ್ಲಿ ಕೇಳಬೇಕಾಗಿದೆ. ಆರ್.ಸಿ. ಕಾರ್ಡು ಕೈಗೆ ಬಂದ ದಿನ ಅದರ ಎಂಜಿನ್ ಮತ್ತು ಷಾಸಿ ಸಂಖ್ಯೆಗಳನ್ನು ವಿಮಾ ಪಾಲಿಸಿಯ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಒಂದಕ್ಷರ ತಪ್ಪಿದ್ದರೂ ಕ್ಲೇಮಿನ ಹೊತ್ತಿನಲ್ಲಿ ತಕರಾರು ಏಳುತ್ತದೆ, ಮೊದಲ ವಾರದಲ್ಲಾದರೆ ಒಂದು ಮಿಂಚಂಚೆಯಲ್ಲಿ ಸರಿಯಾಗುತ್ತದೆ.